ಪಾರ್ಕಿನ ಬೀಟ್ ಪೊಲೀಸ್ ಯಾರನ್ನು ಪ್ರಶ್ನಿಸಬೇಕು?

ಸಂಜೆ ಆರೂವರೆ ದಾಟಿದರೆ ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೆಣ್ಣುಮಕ್ಕಳು ಕಡಿಮೆಯಾಗುತ್ತಾರೆ. ಏಳೂವರೆಯ ಹೊತ್ತಿಗೆ ಉಳಿಯುವವರು ಹೆಚ್ಚಾಗಿ ಗಂಡಸರೇ. ನಾನು ಬಿ.ಇ. ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಎರಡು ಕೋಣೆಯ ಮನೆಯಲ್ಲಿ ಟಿ.ವಿ. ಸದ್ದಿನ ನಡುವೆ ಓದಲಾಗದೆ, ಪರೀಕ್ಷೆ ಬಂದಾಗ ಪಾರ್ಕಿನ ದೀಪದ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕಳೆದ ಸೆಮಿಸ್ಟರಿನಲ್ಲಿ ಇಬ್ಬರು ಯುವಕರು ಸತತ ಮೂರು ಸಂಜೆ ಎದುರಿಗೇ ಬಂದು ಕೂತರು. ಒಂದು ಮಾತೂ ಆಡಲಿಲ್ಲ, ಸುಮ್ಮನೆ ನೋಡುತ್ತಿದ್ದರು. ನಾಲ್ಕನೇ ದಿನದಿಂದ ನಾನೇ ಹೋಗುವುದನ್ನು ಬಿಟ್ಟೆ. ದೂರು ಕೊಡೋಣವೆಂದರೆ ಏನೆಂದು ಕೊಡುವುದು?

ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಪಾಲಿಕೆ 2024ರಲ್ಲಿ ತೀರ್ಮಾನಿಸಿತು. ದಿನವಿಡೀ ದುಡಿಯುವವರಿಗೆ, ಓದುವವರಿಗೆ ಇದು ಒಳ್ಳೆಯದೇ. ಆದರೆ ಗೇಟು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗುವ ಧೈರ್ಯ ಮಾಡುವುದಿಲ್ಲ. 2023ರ ಮಾರ್ಚ್‌ನಲ್ಲಿ ಕೋರಮಂಗಲದ ಪಾರ್ಕೊಂದರಲ್ಲಿ ಗೆಳೆಯನೊಂದಿಗೆ ಕುಳಿತಿದ್ದ ಯುವತಿಯನ್ನು ಕಾರಿಗೆ ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಎಸಗಿದ ಪ್ರಕರಣದಲ್ಲಿ ನಾಲ್ವರ ಬಂಧನವಾಯಿತು. ಅಂತಹ ಸುದ್ದಿ ಓದಿದ ಯಾವ ಅಮ್ಮ ತಾನೇ ಮಗಳನ್ನು ಸಂಜೆ ಪಾರ್ಕಿಗೆ ಕಳಿಸುತ್ತಾಳೆ?

ಸೇಫ್ ಸಿಟಿ ಯೋಜನೆಯಡಿ ನಗರದಲ್ಲಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ತಂತ್ರಜ್ಞಾನ ಓದುವವಳಾಗಿ ಅವುಗಳ ಬೆಲೆ ನನಗೆ ಗೊತ್ತು. ಆದರೆ ಕ್ಯಾಮೆರಾ ಹೆಚ್ಚಾಗಿ ನೆರವಾಗುವುದು ಕೆಟ್ಟದ್ದು ನಡೆದ ಮೇಲೆ. 112ಕ್ಕೆ ಕರೆ ಮಾಡಿದರೆ ಹೊಯ್ಸಳ ವಾಹನ ಬರುತ್ತದೆ, ನಿಜ. ಆದರೆ 'ಇಬ್ಬರು ನನ್ನನ್ನು ನೋಡುತ್ತಿದ್ದಾರೆ' ಎಂದು ಯಾರು ಕರೆ ಮಾಡುತ್ತಾರೆ? ಅಂತಹ ಹೊತ್ತಿನಲ್ಲಿ ಬೇಕಿರುವುದು ಪಾರ್ಕಿನೊಳಗೆ ನಡೆದು ಬರುವ, ದಿನವೂ ಕಾಣುವ ಒಬ್ಬ ಪೇದೆ. ಅವರು ಬೈಯಬೇಕಿಲ್ಲ, ಲಾಠಿ ಎತ್ತಬೇಕಿಲ್ಲ. 'ಏನಪ್ಪಾ, ಇಲ್ಲೇನು ಕೆಲಸ?' ಎಂದು ಒಮ್ಮೆ ಕೇಳಿದರೂ ಸಾಕು.

ಗಸ್ತು ಎಂದೊಡನೆ ನನ್ನ ಗೆಳತಿಗೆ ಬೇರೆಯದೇ ಭಯ. 'ಪೊಲೀಸ್ ಬಂದರೆ ಮೊದಲು ನಮ್ಮನ್ನೇ ಎಬ್ಬಿಸುತ್ತಾರೆ' ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲಾಗದು. 2022ರ ಡಿಸೆಂಬರಿನಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯಿಂದ ದಂಡದ ಹೆಸರಿನಲ್ಲಿ ಹಣ ಪಡೆದ ಇಬ್ಬರು ಪೊಲೀಸರನ್ನು ಇದೇ ಬೆಂಗಳೂರಿನಲ್ಲಿ ಅಮಾನತು ಮಾಡಲಾಗಿತ್ತು. ಜೋಡಿಗಳ ಐ.ಡಿ. ಕೇಳುವ, ಮನೆಗೆ ಫೋನ್ ಮಾಡುವುದಾಗಿ ಹೆದರಿಸುವ ಗಸ್ತಿನಿಂದ ಪಾರ್ಕು ಸುರಕ್ಷಿತವಾಗುವುದಿಲ್ಲ, ಖಾಲಿಯಾಗುತ್ತದೆ. ಪಾರ್ಕಿನಲ್ಲಿ ಸುಮ್ಮನೆ ಕೂರುವುದು ಅಪರಾಧವಲ್ಲ, ಕೂತವರನ್ನು ಕಾಡುವುದು ಅಪರಾಧ. ಬೀಟಿಗೆ ಬರುವವರಿಗೆ ಈ ವ್ಯತ್ಯಾಸವನ್ನು ಮೊದಲು ಕಲಿಸಬೇಕು.

ಪ್ರತಿ ಪಾರ್ಕಿಗೂ ಇಡೀ ದಿನ ಒಬ್ಬರನ್ನು ಕೊಡುವಷ್ಟು ಸಿಬ್ಬಂದಿ ಇಲ್ಲವೆನ್ನಬಹುದು. ಇಡೀ ದಿನ ಬೇಡ. ಅಕ್ಕಪಕ್ಕದ ನಾಲ್ಕೈದು ಪಾರ್ಕುಗಳಿಗೆ ಸಂಜೆ ಆರರಿಂದ ಹತ್ತರವರೆಗೆ ಇಬ್ಬರು ಬರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ವಾರಕ್ಕೊಬ್ಬರಂತೆ ಬದಲಾಗದೆ ಅದೇ ಮುಖಗಳು ಕಾಣಲಿ. ಅವರ ಹೆಸರು, ಠಾಣೆಯ ನಂಬರು ಗೇಟಿನ ಬಳಿ ಬರೆದಿರಲಿ. ಹೆಸರು ಗೊತ್ತಿದ್ದರೆ ನೆರವು ಕೇಳುವುದೂ ಸುಲಭ, ತಪ್ಪು ಮಾಡಿದರೆ ದೂರುವುದೂ ಸುಲಭ.

ಮುಂದಿನ ತಿಂಗಳು ನನಗೆ ಮತ್ತೆ ಪರೀಕ್ಷೆ. ದೀಪದ ಕೆಳಗಿನ ಆ ಬೆಂಚು ಇನ್ನೂ ಅಲ್ಲೇ ಇದೆ. ಅಲ್ಲಿಗೆ ಮರಳಲು ನನಗೆ ಬೇಕಿರುವುದು ಇಷ್ಟೇ.