ಅಮ್ಮನ ಅರವತ್ತಕ್ಕೆ ಎಲೆ ಹಾಕುವವರು ಯಾರು?

ಮನೆಯ ಹಿರಿಯರಿಗೆ ಅರವತ್ತು, ಎಪ್ಪತ್ತು, ಎಪ್ಪತ್ತೈದು ತುಂಬಿದಾಗ ಬಂಧುಬಳಗವನ್ನೆಲ್ಲ ಹೋಟೆಲೊಂದಕ್ಕೆ ಕರೆದು ಹಬ್ಬದೂಟ ಹಾಕಿಸುವ ಪದ್ಧತಿ ಮುಂಬಯಿಯ ನಮ್ಮ ಕುಟುಂಬಗಳಲ್ಲಿ ಈಗ ಸಾಮಾನ್ಯವಾಗಿದೆ. ಅದನ್ನು ಕುರಿತ ಅಸಮಾಧಾನವೂ ಅಷ್ಟೇ ಸಾಮಾನ್ಯವಾಗಿದೆ. ಸಂಘದ ಕಾರ್ಯಕ್ರಮ ಮುಗಿದು ಚಹಾ ಕುಡಿಯುತ್ತ ನಿಂತಾಗ ಈ ಮಾತು ಹೇಗೋ ಬಂದೇ ಬರುತ್ತದೆ. ಹಿಂದೆ ಮನೆಯಲ್ಲೇ ಪಾಯಸ ಮಾಡುತ್ತಿದ್ದರು, ದೇವರಿಗೆ ದೀಪ ಹಚ್ಚಿ ಹಿರಿಯರಿಗೆ ನಮಸ್ಕರಿಸುತ್ತಿದ್ದರು, ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಈಗ ಎಲ್ಲವೂ ದುಡ್ಡು ಕೊಟ್ಟು ಕೊಳ್ಳುವ ಸಂಭ್ರಮವಾಯಿತು, ಎಂದು. ಹೀಗೆ ಹೇಳುವವರು ಬಹುಪಾಲು ಗಂಡಸರು ಎಂಬುದನ್ನು ನಾನು ಗಮನಿಸಿದ್ದೇನೆ. ಅದು ಪಂಕ್ತಿಯಲ್ಲಿ ಕುಳಿತವರ ನೆನಪು. ಒಲೆಯ ಮುಂದೆ ಇದ್ದವರನ್ನು ಕೇಳಿದರೆ ಅವರಿಗೆ ನೆನಪಿರುವುದು ಬೇರೆಯೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಟೆಲಿನ ಊಟ ನಮ್ಮ ಸಂಸಾರಗಳಿಗೆ ಮಾಡಿದ ಒಂದು ದೊಡ್ಡ ಉಪಕಾರವನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಹೆಣ್ಣಿನ ವಯಸ್ಸನ್ನು ಅವಳದೇ ಹೆಸರಿನಲ್ಲಿ ಎಣಿಸಿ ಗೌರವಿಸುವ ಪರಿಪಾಠ ನಮ್ಮಲ್ಲಿ ಬೇರೂರಿದ್ದು ಹೆಚ್ಚಾಗಿ ಈ ಹೋಟೆಲಿನ ಮೇಜಿನ ಸುತ್ತಲೇ.

ವಯಸ್ಸಿನ ಘಟ್ಟಗಳನ್ನು ಗುರುತಿಸುವುದು ನಮಗೇನೂ ಹೊಸದಲ್ಲ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿದು, ಹುಟ್ಟಿದ ಸಂವತ್ಸರ ಮರಳಿ ಬಂದಾಗ ಷಷ್ಟ್ಯಬ್ದಿ. 1966ರ ಯುಗಾದಿಯಂದು ಕಾಲಿಟ್ಟದ್ದು ಪರಾಭವ ಸಂವತ್ಸರ. 2026ರ ಯುಗಾದಿಯಂದು ಮತ್ತೆ ಪರಾಭವವೇ. ಎಪ್ಪತ್ತರ ಹೊತ್ತಿಗೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರ ದರ್ಶನ. ಈ ಕೊನೆಯದರ ಲೆಕ್ಕವಂತೂ ಬಹಳ ಸೊಗಸಾದದ್ದು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ ಎಂದು ಹಿಡಿದರೆ, ಸಾವಿರ ಹುಣ್ಣಿಮೆ ಕಾಣಲು ಮನುಷ್ಯ ಸುಮಾರು 80 ವರ್ಷ 10 ತಿಂಗಳು ಬದುಕಬೇಕು. ಆಯುಸ್ಸನ್ನು ಬೆಳದಿಂಗಳಿನಲ್ಲಿ ಅಳೆದ ನಮ್ಮ ಹಿರಿಯರ ರಸಿಕತೆಗೆ ನಾನು ತಲೆಬಾಗುತ್ತೇನೆ.

ಆದರೆ ಈ ಶಾಂತಿಕರ್ಮಗಳಲ್ಲಿ ಸಂಕಲ್ಪ ಯಾರ ವಯಸ್ಸಿಗೆ? ಷಷ್ಟ್ಯಬ್ದಿ ನಡೆಯುವುದು ಗಂಡನಿಗೆ ಅರವತ್ತಾದಾಗ. ಹೆಂಡತಿ ಹೊಸ ಸೀರೆಯುಟ್ಟು ಪಕ್ಕದ ಮಣೆಯ ಮೇಲೆ ಕೂರುತ್ತಾಳೆ. ಕಲಶದ ನೀರು ಅವಳ ತಲೆಯ ಮೇಲೂ ಬೀಳುತ್ತದೆ. ಮಾಂಗಲ್ಯಧಾರಣೆ ಇನ್ನೊಮ್ಮೆ ನಡೆಯುತ್ತದೆ. ಆಗ ಅವಳಿಗೆ ಐವತ್ತೆರಡೋ ಐವತ್ತೈದೋ. ಅವಳ ಅರವತ್ತು ಬರುವುದು ಇನ್ನೂ ಐದಾರು ವರ್ಷಗಳ ಮೇಲೆ, ಒಂದು ಸಾಧಾರಣ ಮಂಗಳವಾರ ಬಂದು ಹೋಗುವ ಹಾಗೆ. ಅಷ್ಟರಲ್ಲಿ ಗಂಡ ತೀರಿಕೊಂಡಿದ್ದರೆ ಪಕ್ಕದ ಮಣೆಯೂ ಇಲ್ಲ. ಅಜ್ಜಿಗೂ ಸಹಸ್ರಚಂದ್ರ ದರ್ಶನ ಮಾಡಿಸುವ ಮನೆಗಳಿವೆ, ಬಲ್ಲೆ. ಅವು ಎಣಿಕೆಗೆ ಸಿಗುವಷ್ಟು. ಎಪ್ಪತ್ತು ತುಂಬಿದ ವಿಧವೆ ತಾಯಿಗೆ ಏನು ಮಾಡಬೇಕೆಂದು ಪಂಚಾಂಗದಲ್ಲಿ ಹುಡುಕಿದ ಮಕ್ಕಳಿಗೆ ಪುರೋಹಿತರು ಆಯುಷ್ಯಹೋಮವನ್ನೋ ದೇವಸ್ಥಾನದಲ್ಲಿ ಒಂದು ಅರ್ಚನೆಯನ್ನೋ ಸೂಚಿಸುತ್ತಾರೆ. ಸಭೆ ಕರೆದು, ಅವಳನ್ನು ನಡುವೆ ಕೂರಿಸಿ, ‘ಇದು ನಿನ್ನ ದಿನ’ ಎಂದು ಹೇಳುವ ಪದ್ಧತಿಯನ್ನು ಅವಳಿಗೆ ಯಾರೂ ಹಾಕಿಕೊಟ್ಟಿರಲಿಲ್ಲ.

ಹಾಗೆ ಕರೆಯಬೇಕೆಂದರೂ ಎಲ್ಲಿಗೆ ಕರೆಯುವುದು? ಊರಿನ ಮನೆಗಳ ಅಂಗಳ, ಜಗುಲಿ, ಪಡಸಾಲೆಗಳ ಲೆಕ್ಕದಲ್ಲಿ ಮುಂಬಯಿಯ ಮನೆಯ ಸಂಭ್ರಮವನ್ನು ಅಳೆಯಲಾಗದು. ಒಂದೂವರೆ ಕೋಣೆಯ ಮನೆಯಲ್ಲಿ ಇಪ್ಪತ್ತೈದು ಜನ ಉಣ್ಣಬೇಕಾದರೆ ಮೂರು ಪಂಕ್ತಿ, ಹೊರಗೆ ವರಾಂಡದಲ್ಲಿ ಕಾಯುವವರು ಹತ್ತು ಜನ, ಪಕ್ಕದ ಮನೆಯವರ ಮಂಚ ಎರವಲು. ಹುಟ್ಟುಹಬ್ಬದ ತಾಯಿ ಬೆಳಗ್ಗೆ ನಾಲ್ಕಕ್ಕೆ ಎದ್ದು ತೆಂಗಿನಕಾಯಿ ತುರಿಯಲು ಕೂರುತ್ತಾಳೆ. ಸೊಸೆ ಕೈಗೂಡಿಸಿದರೂ, ಹುಳಿಗೆ ಉಪ್ಪು ಸರಿಯಾಯಿತೇ ಎಂದು ನೋಡಬೇಕಾದವಳು ಅವಳೇ. ಕೊನೆಯ ಪಂಕ್ತಿಯಲ್ಲಿ, ಮೂರೂವರೆ ಗಂಟೆಗೆ, ಪಾತ್ರೆಯ ತಳದ ಪಾಯಸ ಅವಳ ಪಾಲಿಗೆ ಬರುತ್ತದೆ. ಮೆಗಾಬ್ಲಾಕಿನ ಭಾನುವಾರವಾದರೆ ಡೊಂಬಿವಲಿಯಿಂದಲೋ ಪನವೇಲಿನಿಂದಲೋ ಹೊರಟ ನೆಂಟರು ಆ ಹೊತ್ತಿಗೆ ಬಂದಿಳಿಯುತ್ತಾರೆ, ಮತ್ತೆ ಒಲೆ ಹಚ್ಚಬೇಕು. ಹಳೆಯ ಕಾಲದ ಆತ್ಮೀಯತೆ ಎಂದು ನಾವು ಕೊಂಡಾಡುವುದರಲ್ಲಿ ಈ ದುಡಿಮೆಯ ಪಾಲು ಎಷ್ಟಿತ್ತು ಎಂಬುದನ್ನು ಬರೆದಿಟ್ಟವರು ಕಡಿಮೆ.

ಹೋಟೆಲು ನಮ್ಮ ಸಂಸ್ಕೃತಿಗೆ ಹೊರಗಿನದು ಎಂಬ ಮಾತನ್ನು ಬೇರೆ ಯಾರು ಆಡಿದರೂ ಆಡಲಿ, ಮುಂಬಯಿ ಕನ್ನಡಿಗರು ಆಡಬಾರದು. ತುಳುನಾಡಿನಿಂದ ಬಂದ ಹುಡುಗರು ಹಗಲು ಇಲ್ಲಿನ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಅದೇ ಹೋಟೆಲಿನ ಬೆಂಚುಗಳ ಮೇಲೆ ಮಲಗಿ ಎದ್ದವರು. ಅವರಲ್ಲಿ ಹಲವರು ಮುಂದೆ ಗುಮಾಸ್ತರಾದರು, ವಕೀಲರಾದರು, ಲೇಖಕರಾದರು, ಹೋಟೆಲು ಮಾಲೀಕರಾದರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಯೆಲೆಯ ಮೇಲೆ ಊಟ ಬಡಿಸುತ್ತಾರೆ. ‘ಬೋರ್ಡಿಂಗ್’, ‘ಲಂಚ್ ಹೋಮ್’ ಎಂಬ ಹೆಸರುಗಳೇ ಹೇಳುವಂತೆ ಇವು ಮನೆಯಿಲ್ಲದವರಿಗೆ ಮನೆಯೂಟ ಕೊಡಲೆಂದು ಹುಟ್ಟಿದ ಜಾಗಗಳು. ಮದ್ರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ತೆರೆದ ವುಡ್‌ಲ್ಯಾಂಡ್ಸಿನ ಕತೆಯನ್ನು ಚೆನ್ನೈಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವರೂ ಬಾಲ್ಯದಲ್ಲಿ ಹೋಟೆಲಿನ ಚಾಕರಿ ಮಾಡಿಯೇ ಮೇಲೆ ಬಂದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಬೇರೆಯವರ ಎಂಜಲೆಲೆ ಎತ್ತಿದ ಮನುಷ್ಯ ತನ್ನ ಎಪ್ಪತ್ತೈದರಲ್ಲಿ ಅಂಥದೇ ಒಂದು ಎಲೆಯ ಮುಂದೆ, ಮಕ್ಕಳು ಮೊಮ್ಮಕ್ಕಳ ನಡುವೆ, ಅತಿಥಿಯಾಗಿ ಕೂರುವುದರಲ್ಲಿ ಯಾವ ಕೊರತೆಯಿದೆ? ಯಾವ ಕಲಶಾಭಿಷೇಕಕ್ಕೂ ಅದು ಕಡಿಮೆಯದೆಂದು ನನಗೆ ಅನ್ನಿಸಿಲ್ಲ.

ಮತ್ತೆ ತಾಯಂದಿರ ಮಾತಿಗೆ ಬರುತ್ತೇನೆ. ಹೋಟೆಲಿಗೆ ಕರೆದೊಯ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಊಟದ ಪಟ್ಟಿಯನ್ನು ಕೈಗಿತ್ತು ‘ಅಮ್ಮಾ, ನಿನಗೇನು ಬೇಕು?’ ಎಂದು ಕೇಳಿದರೆ ನಮ್ಮ ತಾಯಂದಿರು ಕೊಡುವ ಉತ್ತರ ಎಲ್ಲರಿಗೂ ಗೊತ್ತಿದೆ: ‘ನೀವೆಲ್ಲ ಏನು ತಗೋತೀರೋ ಅದೇ.’ ಅಥವಾ ಇನ್ನೂ ಕೆಟ್ಟದಾಗಿ, ‘ನನಗೆ ಮೊಸರನ್ನ ಸಾಕು.’ ಇದು ವಿನಯವಲ್ಲ. ಐವತ್ತು ವರ್ಷ ಉಳಿದವರ ರುಚಿ ನೋಡಿ ಅಡುಗೆ ಮಾಡಿದವಳಿಗೆ ತನ್ನದೇ ರುಚಿ ಯಾವುದೆಂದು ಯಾರೂ ಕೇಳಿರಲಿಲ್ಲ. ಎಪ್ಪತ್ತರಲ್ಲಿ ಥಟ್ಟನೆ ಕೇಳಿದರೆ ಅವಳು ತಬ್ಬಿಬ್ಬಾಗುತ್ತಾಳೆ. ಅದರ ಮೇಲೆ ಪಟ್ಟಿ ಇರುವುದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಮಂದ ಬೆಳಕಿನಲ್ಲಿ. ಪಟ್ಟಿಯಲ್ಲಿ ಅವಳು ಓದಿ ಮುಗಿಸುವುದು ಒಂದನ್ನೇ: ಬಲಗಡೆಯ ಬೆಲೆ.

ಆದ್ದರಿಂದಲೇ ನನ್ನ ಒಲವು ಎಲೆಯೂಟದ ಕಡೆಗೆ. ಅಲ್ಲಿ ಆರಿಸುವ ಸಂಕಟವಿಲ್ಲ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ತಾವಾಗಿ ಬಂದು ಕೂರುತ್ತವೆ. ಬಡಿಸುವವನು ಪಾತ್ರೆ ಹಿಡಿದು ಬಾಗಿ ‘ಇನ್ನಷ್ಟು?’ ಎಂದು ಕೇಳುತ್ತಾನೆ. ಈಚೆಗೆ ಪರಿಚಿತರೊಬ್ಬರ ತಾಯಿಯ ಎಪ್ಪತ್ತೈದರ ಊಟದಲ್ಲಿ ಪಾಯಸ ಬಂದೊಡನೆ ಆಕೆ ಅಭ್ಯಾಸಬಲದಿಂದ ಎದ್ದುಬಿಟ್ಟರು, ಮೊಮ್ಮಗನ ಎಲೆಗೆ ತುಪ್ಪ ಬೀಳಲಿಲ್ಲವೆಂದು. ‘ನೀವು ಕೂತ್ಕೊಳ್ಳಿ ಅಮ್ಮ, ನಾನಿದ್ದೇನಲ್ಲ’ ಎಂದ ಬಡಿಸುವ ಹುಡುಗ, ಹಿಂದಿಯಲ್ಲಿ. ಇಂದು ಉಡುಪಿ ಹೋಟೆಲುಗಳಲ್ಲೂ ಕನ್ನಡ, ತುಳು ಬಲ್ಲ ಮಾಣಿಗಳು ಅಪರೂಪವಾಗಿದ್ದಾರೆ; ಅದು ಬೇರೆಯೇ ಲೇಖನದ ವಿಷಯ. ಆಕೆ ಕೂತರು. ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಮಗಳು ನನ್ನ ಕಿವಿಯಲ್ಲಿ ಹೇಳಿದ್ದು: ಅಮ್ಮ ಎರಡನೆಯ ಸಲ ಏನನ್ನಾದರೂ ಹಾಕಿಸಿಕೊಂಡದ್ದನ್ನು ತಾನು ನೋಡಿರಲಿಲ್ಲವಂತೆ.

ಎಲೆಯೂಟವೇ ಆಗಬೇಕೆಂಬ ಹಟ ನನ್ನದಲ್ಲ. ಧಾರವಾಡ, ಬಿಜಾಪುರದ ಕಡೆಯ ಮನೆಯವರು ಪುಣೆಯಲ್ಲಿ ಜೋಳದ ರೊಟ್ಟಿ ಎಣ್ಣೆಗಾಯಿ ಸಿಗುವ ಖಾನಾವಳಿಗೆ ತಾಯಿಯನ್ನು ಕರೆದೊಯ್ದರೆ ಅದೇ ಸರಿಯಾದ ಜಾಗ. ಮೀನಿನ ಗಸಿಯ ಮನೆಯವರಿಗೆ ಮೀನಿನ ಗಸಿ. ಇಷ್ಟು ವರ್ಷ ಮಕ್ಕಳಿಗಾಗಿ ಸುಮ್ಮನಿದ್ದು ಈಗ ಒಮ್ಮೆ ಪಿಜ್ಜಾ ತಿಂದು ನೋಡಬೇಕೆಂದ ಅಜ್ಜಿಯರೂ ಇದ್ದಾರೆ. ಅವರ ಆಸೆಗೆ ಸಂಸ್ಕೃತಿಯ ಪಾಠ ಹೇಳಬೇಡಿ.

ನಾನು ಖಂಡಿತವಾಗಿ ಒಪ್ಪದಿರುವುದು ಹಿರಿಯರನ್ನು ನೆಪ ಮಾಡಿಕೊಂಡು ನಡೆಯುವ ಕಿರಿಯರ ಮೋಜನ್ನು. ರಾತ್ರಿ ಒಂಬತ್ತಕ್ಕೆ ಎಂದು ಕರೆದು, ಮೊದಲು ಕುರುಕಲು, ಆಮೇಲೆ ಛಾಯಾಚಿತ್ರ, ಆಮೇಲೆ ಕೇಕು, ಹತ್ತೂವರೆಗೆ ಊಟ. ಎಂಟು ಗಂಟೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದ ಎಪ್ಪತ್ತರ ಜೀವ ಅಷ್ಟು ಹೊತ್ತು ಹಸಿದು ಕೂತರೆ ಕೈಕಾಲು ನಡುಗತೊಡಗುತ್ತದೆ. ಇದು ಅನಾಗರಿಕತೆ ಮಾತ್ರವಲ್ಲ, ಅಪಾಯ. ಬಫೆಯೆಂಬುದಂತೂ ಮಂಡಿನೋವಿನವರಿಗೆ ಶಿಕ್ಷೆ. ಯಾರ ಗೌರವಾರ್ಥ ಊಟವೋ ಅವರೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು, ಇಲ್ಲವೇ ‘ನಾನು ತಂದುಕೊಡ್ತೇನೆ’ ಎಂದು ಹೋದ ಮೊಮ್ಮಗನ ದಾರಿ ಕಾಯುತ್ತ ಕೂರುವುದನ್ನು ನೋಡಿದ್ದೇನೆ. ಇನ್ನು ದೀಪವಾರಿಸಿ, ಹೋಟೆಲಿನ ಸಿಬ್ಬಂದಿ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವ ಆ ಎರಡು ನಿಮಿಷ! ದಿನವೂ ಸಂಜೆ ದೀಪ ಹಚ್ಚಿದವಳ ಕೈಯಲ್ಲಿ ಮೋಂಬತ್ತಿ ಊದಿ ಆರಿಸಿದಾಗ ಅವಳ ಮುಖದಲ್ಲಿ ಮೂಡುವ ಮುಜುಗರವನ್ನು ಕ್ಯಾಮೆರಾ ಹಿಡಿದವರು ನಗು ಎಂದು ತಿಳಿಯುತ್ತಾರೆ. ಕೇಕು ಬೇಕೆಂದರೆ ಇರಲಿ, ಮೊಮ್ಮಕ್ಕಳಿಗೆ ಖುಷಿ. ದೀಪ ಆರಿಸುವುದನ್ನು ಬಿಟ್ಟುಬಿಡಬಹುದು. ಊಟವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಇಟ್ಟುಕೊಳ್ಳಿ. ಬಾಗಿಲಿಗೆ ಹತ್ತಿರದ, ಎ.ಸಿ. ಗಾಳಿ ನೇರವಾಗಿ ಬೀಸದ ಮೇಜು ಕೇಳಿ. ಅವಳ ಕಿವಿ ಯಾವ ಕಡೆ ಚೆನ್ನಾಗಿ ಕೇಳಿಸುತ್ತದೋ ಆ ಕಡೆ ಅವಳ ತಂಗಿಯನ್ನೋ ಹಳೆಯ ಗೆಳತಿಯನ್ನೋ ಕೂರಿಸಿ.

ಖರ್ಚಿನ ಮಾತೂ ಇದೆ. ಒಂದು ಮನೆಯವರು ನೂರು ಜನರಿಗೆ ಹಾಕಿಸಿದರೆಂದು ಇನ್ನೊಂದು ಮನೆಯವರು ಸಾಲ ಮಾಡುವುದು ಮದುವೆಗಳಲ್ಲಿ ಆಗಿಹೋದ ಅನಾಹುತ. ಅದು ಇಲ್ಲಿಗೂ ಹಬ್ಬಬಾರದು. ಐದೇ ಜನ ಹೋಗಿ ಮಸಾಲೆ ದೋಸೆ ತಿಂದು ಕಾಫಿ ಕುಡಿದು ಬಂದರೂ ಅವಳ ಎಪ್ಪತ್ತು ಎಪ್ಪತ್ತೇ. ಹೆಣ್ಣುಮಕ್ಕಳು ಬಿಲ್ಲಿಗೆ ಕೈಚಾಚಿದಾಗ ‘ಮಗಳ ಮನೆಯ ದುಡ್ಡು ಬೇಡ’ ಎಂದು ತಡೆಯುವ ಅಣ್ಣತಮ್ಮಂದಿರು ಮಾತ್ರ ಇನ್ನೂ ಇದ್ದಾರೆ. ತಡೆಯಬೇಡಿ.

ಒಂದು ಕೆಲಸ ಬಾಕಿಯಿದೆ, ಅದು ತುರ್ತಿನದು. ಹುಟ್ಟುಹಬ್ಬ ಮಾಡಲು ಹುಟ್ಟಿದ ದಿನ ಗೊತ್ತಿರಬೇಕಲ್ಲ. ಆ ತಲೆಮಾರಿನ ಗಂಡಸರ ದಾಖಲೆಗಳಲ್ಲಿ ಶಾಲೆಯ ಮಾಸ್ತರರು ಬರೆದ ಜೂನ್ 1 ಎಷ್ಟು ಜನರಿಗಿದೆಯೆಂದು ನಮಗೆಲ್ಲ ತಿಳಿದದ್ದೇ. ಶಾಲೆಗೇ ಹೋಗದ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಆಧಾರ್ ಕಾರ್ಡಿನಲ್ಲಿ ಅಂದಾಜಿನ ವರ್ಷ, ಜನವರಿ 1. ಮದುವೆಯ ಮಾತುಕತೆಯ ದಿನ ಬಿಚ್ಚಿದ ಜಾತಕವನ್ನು ಮತ್ತೆ ಯಾರೂ ಬಿಚ್ಚಲಿಲ್ಲ, ಆಮೇಲೆ ಅದು ಎಲ್ಲಿ ಹೋಯಿತೋ. ಅವಳನ್ನೇ ಕೇಳಿದರೆ ‘ಸೋಣ ತಿಂಗಳು, ಅಷ್ಟಮಿಯ ಎದುರು ಬದುರು, ದೊಡ್ಡ ಮಳೆಯ ವರ್ಷ’ ಎನ್ನುತ್ತಾಳೆ. ಅಷ್ಟು ಸಾಕು, ಹಳೆಯ ಪಂಚಾಂಗ ಹಿಡಿದು ಕೂತರೆ ದಿನ ಸಿಗುತ್ತದೆ. ಸಿಗದಿದ್ದರೆ ಆ ಮಾಸದಲ್ಲಿ ಒಂದು ಭಾನುವಾರವನ್ನು ಅವಳೇ ಆರಿಸಲಿ. ದೊಡ್ಡ ಮಳೆ ಯಾವ ವರ್ಷದ್ದೆಂದು ಹೇಳಬಲ್ಲ ಅತ್ತೆಯೋ ದೊಡ್ಡಮ್ಮನೋ ಊರಿನಲ್ಲಿ ಇನ್ನೊಬ್ಬರೋ ಇಬ್ಬರೋ ಉಳಿದಿರುತ್ತಾರೆ. ಈ ವಾರವೇ ಅವರಿಗೆ ಫೋನು ಮಾಡಿ.