ದೇಶದ ಹಾಡನ್ನು ಆರಿಸುವ ತಕ್ಕಡಿ

ದೇಶದ ಹೆಸರನ್ನು ಹೊತ್ತು ಪರರಾಷ್ಟ್ರಗಳ ಮುಂದೆ ನಿಲ್ಲತಕ್ಕವರನ್ನು ಆರಿಸುವ ಅಧಿಕಾರವು ಯಾರಿಗೆ ಸೇರಿದ್ದು? ರಾಯಭಾರಿಯಾದರೆ ಸರಕಾರವು ಆರಿಸುತ್ತದೆ. ಓಟಗಾರನಾದರೆ ಗಡಿಯಾರವೇ ತೀರ್ಪು ಕೊಡುತ್ತದೆ. ಹಾಡುಗಾರರ ವಿಷಯದಲ್ಲಿಯಾದರೋ ಅಳೆಯುವ ಕೋಲೂ ಇಲ್ಲ, ತೂಗುವ ಕಲ್ಲೂ ಇಲ್ಲ. ಆದುದರಿಂದ ಅಲ್ಲಿ ಆರಿಸುವ ಕ್ರಮವು ನ್ಯಾಯವಾಗಿದೆಯೇ ಎಂಬುದನ್ನು ಮಿಕ್ಕೆಲ್ಲ ಕಡೆಗಳಿಗಿಂತಲೂ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಸ್ಪೇನ್ ದೇಶದಲ್ಲಿ ನಡೆದ ಸಂಗತಿಗಿಂತ ತಕ್ಕ ನಿದರ್ಶನವು ನಮಗೆ ತೋರುವುದಿಲ್ಲ.

ಯೂರೊವಿಷನ್ ಎಂಬ ಸಂಗೀತಸ್ಪರ್ಧೆಯು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಏಳು ರಾಷ್ಟ್ರಗಳಿಂದ ಆರಂಭವಾಯಿತು. ಅದಕ್ಕೆ ಹಾಡನ್ನು ಕಳುಹಿಸುವುದು ಸರಕಾರವಲ್ಲ, ಆಯಾ ದೇಶದ ಪ್ರಸಾರ ಸಂಸ್ಥೆ. ಆರಿಸುವ ಕ್ರಮವೂ ಆ ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. ಕೆಲವರು ಕೋಣೆಯೊಳಗೆ ಕುಳಿತು ತಾವೇ ನಿಶ್ಚಯಿಸುತ್ತಾರೆ. ಕೆಲವರು ಬಹಿರಂಗ ಸ್ಪರ್ಧೆಯನ್ನು ನಡೆಸಿ ತಜ್ಞರನ್ನೂ ಜನರನ್ನೂ ಕೇಳುತ್ತಾರೆ. ಹಾಡುವವರು ಸಂಸ್ಥೆಯಿಂದ ಕಳುಹಿಸಲ್ಪಟ್ಟವರಾದರೂ, ಕೇಳುವ ಲೋಕಕ್ಕೆ ಅವರು ದೇಶದ ಪ್ರತಿನಿಧಿಗಳೇ ಸರಿ. ತೊಡಕೆಲ್ಲವೂ ಇಲ್ಲಿಂದಲೇ ಹುಟ್ಟುವುದು.

ಸ್ಪೇನಿನಲ್ಲಿ ಈ ತೊಡಕು ಹೊಸದಲ್ಲ. 1968ರಲ್ಲಿ ಆ ದೇಶದ ಪರವಾಗಿ ಹಾಡಲು ಜುವಾನ್ ಮಾನುಯೆಲ್ ಸೆರ್ರಾಟ್ ಎಂಬ ಗಾಯಕನು ನಿಯಮಿತನಾಗಿದ್ದನು. ತನ್ನ ಮಾತೃಭಾಷೆಯಾದ ಕ್ಯಾಟಲಾನಿನಲ್ಲಿಯೇ ಹಾಡುವೆನೆಂದು ಆತನು ಹಟ ಹಿಡಿದನು. ಅದು ಫ್ರಾಂಕೋ ಎಂಬ ಸರ್ವಾಧಿಕಾರಿಯ ಕಾಲ. ಕ್ಯಾಸ್ಟಿಲಿಯನ್ ಹೊರತು ಬೇರೆ ಭಾಷೆಯು ದೇಶದ ಬಾಯಾಗಲು ಅಂದಿನ ಅಧಿಕಾರಿಗಳು ಒಪ್ಪಲಿಲ್ಲ. ಸೆರ್ರಾಟನನ್ನು ಬಿಟ್ಟು ಮಸ್ಸಿಯೆಲ್ ಎಂಬ ಗಾಯಕಿಯನ್ನು ಲಂಡನ್ನಿಗೆ ಕಳುಹಿಸಿದರು. ಆಕೆಯು ಒಂದೇ ಒಂದು ಅಂಕದ ಅಂತರದಿಂದ ಗೆದ್ದು ಬಂದಳು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಅಂದು ಸಂತೋಷವಾಗಿರಬಹುದು. ಆದರೆ ಒಬ್ಬನ ಮಾತೃಭಾಷೆಯನ್ನು ಬಾಗಿಲಾಚೆ ನಿಲ್ಲಿಸಿದ ಅನ್ಯಾಯವನ್ನು ಆ ಗೆಲುವು ತೊಳೆಯಿತೆಂದು ಯಾವ ವಿವೇಕಿಯೂ ಹೇಳಲಾರನು.

ಮುಂದೆ ಸರ್ವಾಧಿಕಾರವು ಅಳಿಯಿತು. 1978ರ ರಾಜ್ಯಾಂಗವು ಪ್ರಾಂತಗಳ ಭಾಷೆಗಳಿಗೆ ಆಯಾ ಪ್ರಾಂತಗಳಲ್ಲಿ ಅಧಿಕೃತ ಸ್ಥಾನವನ್ನಿತ್ತಿತು. 2021ರಲ್ಲಿ ಪ್ರಸಾರ ಸಂಸ್ಥೆಯು ತಾನೇ ಗೊತ್ತುಮಾಡಿ ಕಳುಹಿಸಿದ ಗಾಯಕನು ಆರೇ ಅಂಕಗಳನ್ನು ಪಡೆದು ಇಪ್ಪತ್ತನಾಲ್ಕನೆಯವನಾಗಿ ಹಿಂದಿರುಗಿದ ಮೇಲೆ, ಆರ್‌ಟಿವಿಇ ಎಂಬ ಆ ಸಂಸ್ಥೆಯು ಬೆನಿಡೋರ್ಮ್ ಪಟ್ಟಣದಲ್ಲಿ ಬಹಿರಂಗ ಸ್ಪರ್ಧೆಯನ್ನು ಏರ್ಪಡಿಸಿತು. 2022ರ ಜನವರಿಯಲ್ಲಿ ಅದರ ಕೊನೆಯ ಸುತ್ತು ನಡೆಯಿತು. ತೀರ್ಪಿನ ಅರ್ಧ ಭಾರವು ದೇಶದ ಮತ್ತು ಹೊರದೇಶಗಳ ತಜ್ಞರದು. ಕಾಲು ಭಾಗವು ಸಂಖ್ಯಾಶಾಸ್ತ್ರದ ರೀತಿಯಲ್ಲಿ ಆರಿಸಿದ ಸಾಮಾನ್ಯ ಜನರ ಮಾದರಿ ತಂಡದ್ದು. ಉಳಿದ ಕಾಲು ಭಾಗವು ದೂರವಾಣಿಯಿಂದ ಮತ ಕೊಡುವ ಪ್ರೇಕ್ಷಕರದು. ನಿಯಮವು ಮೊದಲೇ ಪ್ರಕಟವಾಗಿತ್ತು. ಸಂಸ್ಥೆಯು ಅದನ್ನು ಮೀರಲೂ ಇಲ್ಲ. ಇಷ್ಟನ್ನು ನಾವು ನಿಷ್ಪಕ್ಷಪಾತವಾಗಿ ಒಪ್ಪಬೇಕು.

ಫಲವೇನಾಯಿತೆಂದರೆ, ಶಾನೆಲ್ ಎಂಬ ಗಾಯಕಿಗೆ 96 ಅಂಕಗಳು, ರಿಗೊಬೆರ್ತಾ ಬಂದೀನಿಗೆ 91, ಗ್ಯಾಲಿಸಿಯ ಪ್ರಾಂತದ ಭಾಷೆಯಲ್ಲಿ ಹಾಡಿದ ತಾನ್‌ಶುಗೇರಾಸ್ ಎಂಬ ಮೂವರು ಸ್ತ್ರೀಯರ ಮೇಳಕ್ಕೆ 90. ಆದರೆ ದೂರವಾಣಿಯ ಮತಗಳಲ್ಲಿ ಆ ಮೇಳಕ್ಕೆ ಬಂದದ್ದು ನೂರಕ್ಕೆ 70.75, ರಿಗೊಬೆರ್ತಾಗೆ 18.08, ಗೆದ್ದ ಶಾನೆಲ್‌ಗೆ 3.97. ನೂರರಲ್ಲಿ ಎಪ್ಪತ್ತು ಮತಗಳನ್ನು ಪಡೆದವರು ಮೂರನೆಯವರಾದರು, ನಾಲ್ಕನ್ನೂ ಮುಟ್ಟದವರು ಮೊದಲಿನವರಾದರು. ದೇಶದಲ್ಲಿ ಕೋಲಾಹಲವೆದ್ದಿತು. ಮಾತು ಪಾರ್ಲಿಮೆಂಟಿನವರೆಗೂ ಹೋಯಿತು.

ಇದು ಹೇಗಾಯಿತೆಂಬುದನ್ನು ವಾಚಕರು ಲೆಕ್ಕ ಹಾಕಿ ನೋಡಬೇಕು. ದೂರವಾಣಿಯ ಮತಗಳು ಎಷ್ಟು ಬಂದರೂ ಅವುಗಳನ್ನು ಪ್ರಮಾಣಕ್ಕೆ ತಕ್ಕಂತೆ ಅಂಕಗಳಾಗಿ ಮಾಡಲಿಲ್ಲ. ಮೊದಲಿನವರಿಗೆ 30, ಎರಡನೆಯವರಿಗೆ 25, ಮೂರನೆಯವರಿಗೆ 20 ಎಂದು ಸ್ಥಾನಕ್ಕೆ ಮಾತ್ರ ಬೆಲೆ ಕಟ್ಟಿದರು. ಎಪ್ಪತ್ತಕ್ಕೂ ನಾಲ್ಕಕ್ಕೂ ನಡುವಣ ಮಹದಂತರವು ಹೀಗೆ ಹತ್ತು ಅಂಕಗಳಿಗೆ ಇಳಿಯಿತು. ತಜ್ಞರ ಪಾಲಿನಲ್ಲಾದರೋ ಶಾನೆಲ್‌ಗೆ 51, ಮೇಳಕ್ಕೆ 30, ಅಂತರವು ಇಪ್ಪತ್ತೊಂದು. 70.75ಕ್ಕೆ 30 ಅಂಕವೆಂದಿಟ್ಟುಕೊಂಡು ಉಳಿದವರಿಗೂ ಅದೇ ಪ್ರಮಾಣದಲ್ಲಿ ಕೊಟ್ಟಿದ್ದರೆ, ದೂರವಾಣಿಯಿಂದ ಶಾನೆಲ್‌ಗೆ ಎರಡು ಅಂಕಗಳೂ ತುಂಬುತ್ತಿರಲಿಲ್ಲ, ರಿಗೊಬೆರ್ತಾಗೆ ಎಂಟೂ ತುಂಬುತ್ತಿರಲಿಲ್ಲ. ಮೇಳವೇ ಸುಲಭವಾಗಿ ಗೆಲ್ಲುತ್ತಿದ್ದಿತು. ಜನರಿಗೆ ಕಾಲು ಪಾಲನ್ನು ಕೊಟ್ಟೆವೆಂದು ಕಾಗದದಲ್ಲಿ ಬರೆದು, ತೂಗುವಾಗ ಅದನ್ನು ಹಗುರಮಾಡಿದಂತಾಯಿತು. ದೋಷವಿದ್ದದ್ದು ತಕ್ಕಡಿಯಲ್ಲಿ.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಒಂದು ಪ್ರಾಂತದವರು ಒಗ್ಗಟ್ಟಾಗಿ ಮತಗಳನ್ನು ಸುರಿಸಿದರೆ ಅದನ್ನು ಇಡೀ ದೇಶದ ಅಭಿಪ್ರಾಯವೆಂದು ಹೇಗೆ ತಿಳಿಯುವುದು ಎಂಬುದು ಮೊದಲನೆಯದು. ಈ ಮಾತಿನಲ್ಲಿ ಹುರುಳಿದೆ. ಮಾದರಿ ತಂಡವನ್ನು ನಿಯಮಿಸಿದ್ದೂ ಈ ಭಯಕ್ಕೆ ಪರಿಹಾರವಾಗಿಯೇ ಅಲ್ಲವೇ? ಆ ತಂಡವೂ ಮೇಳಕ್ಕೇ ಪ್ರಥಮ ಸ್ಥಾನವನ್ನು ಕೊಟ್ಟಿತು. ಜನರನ್ನು ಎರಡು ಬಗೆಯಾಗಿ ಕೇಳಿದರು. ಎರಡು ಬಾರಿಯೂ ಒಂದೇ ಉತ್ತರವು ಬಂದಿತು. ಸಣ್ಣ ಭಾಷೆಯ ಹಾಡು ಪರದೇಶದವರಿಗೆ ತಿಳಿಯದು, ಆದುದರಿಂದ ಸೋಲುವುದು ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ಅನುಭವವೇ ಪ್ರತ್ಯುತ್ತರ. 2017ರಲ್ಲಿ ಪೋರ್ಚುಗಲ್ ತನ್ನ ಭಾಷೆಯಲ್ಲಿ ಹಾಡಿಯೇ ಗೆದ್ದಿತು. 2022ರಲ್ಲಿ ಯುಕ್ರೇನ್ ಯುಕ್ರೇನಿ ಭಾಷೆಯಲ್ಲಿ ಗೆದ್ದಿತು. 2025ರಲ್ಲಿ ಸ್ವೀಡನ್ನಿನವರು ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತನಾಡುವ ಮೂವರನ್ನು ಆರಿಸಿ, 1998ರಿಂದೀಚೆಗೆ ಮೊದಲ ಬಾರಿ ಸ್ವೀಡಿಷ್ ಹಾಡನ್ನು ಕಳುಹಿಸಿ, ನಾಲ್ಕನೆಯ ಸ್ಥಾನವನ್ನು ಪಡೆದರು.

ಶಾನೆಲ್ ಆ ವರ್ಷ ಟ್ಯೂರಿನ್ ನಗರದಲ್ಲಿ 459 ಅಂಕಗಳನ್ನು ಪಡೆದು ಮೂರನೆಯವಳಾದಳು. 1995ರಿಂದೀಚೆಗೆ ಸ್ಪೇನ್ ಅಷ್ಟು ಮೇಲೇರಿರಲಿಲ್ಲ. ಆ ಕ್ಷಣವೇ ತಜ್ಞರ ತೀರ್ಪು ಸರಿಯೆಂದು ಅನೇಕರು ಸಾರಿದರು. ಈ ತರ್ಕವನ್ನು ನಾವು ಒಪ್ಪಲಾರೆವು. ತಜ್ಞರ ಕೈಯಲ್ಲಿ ಅರ್ಧ ಭಾರವನ್ನುಳಿಸಿದ ಅದೇ ಸ್ಪರ್ಧೆಯು ಮರುವರ್ಷ ಆರಿಸಿದ ಹಾಡು ಲಿವರ್‌ಪೂಲಿನಲ್ಲಿ ಹದಿನೇಳನೆಯದಾಯಿತು. ಇಂಗ್ಲೆಂಡಿನ ಬಿಬಿಸಿಯು ಜನಮತದಿಂದ ಆರಿಸಿದ ಹಾಡು 2019ರಲ್ಲಿ ಕಟ್ಟಕಡೆಯದಾಯಿತು. ತಾನೇ ಆರಿಸಿದ ಹಾಡು 2021ರಲ್ಲಿ ಸೊನ್ನೆಯನ್ನು ತಂದಿತು. ಮರುವರ್ಷ ತಾನೇ ಆರಿಸಿದ ಮತ್ತೊಂದು ಹಾಡು ಎರಡನೆಯ ಸ್ಥಾನಕ್ಕೇರಿತು. ಸೋಲುಗೆಲುವುಗಳು ಯಾವ ಕ್ರಮಕ್ಕೂ ಸಾಕ್ಷಿ ನುಡಿಯುವುದಿಲ್ಲ. ಫಲವು ಕೈಯಲ್ಲಿಲ್ಲ. ಕೈಯಲ್ಲಿರುವುದು ನ್ಯಾಯವಾದ ಕ್ರಮವೊಂದೇ.

ಕೋಪಗೊಂಡವರು ನಡೆದುಕೊಂಡ ರೀತಿಯನ್ನೂ ಇಲ್ಲಿ ಖಂಡಿಸದೆ ವಿಧಿಯಿಲ್ಲ. ನಿಯಮವನ್ನು ಮಾಡಿದವಳು ಶಾನೆಲ್ ಅಲ್ಲ. ತಜ್ಞರನ್ನು ಕೂರಿಸಿದವಳೂ ಆಕೆಯಲ್ಲ. ಕ್ಯೂಬಾದಲ್ಲಿ ಹುಟ್ಟಿ ಕ್ಯಾಟಲೋನಿಯದಲ್ಲಿ ಬೆಳೆದ ಆ ಕಲಾವಿದೆಯ ಮೇಲೆ ನಿಂದೆಯ ಮಳೆಯನ್ನು ಸುರಿಸಿದ್ದರಿಂದ ಆಕೆಯು ಟ್ವಿಟರಿನಿಂದ ಹಿಂದೆ ಸರಿಯಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಸುಳ್ಳಲ್ಲ. ಗ್ಯಾಲಿಸಿಯದ ಭಾಷೆಗೆ ಗೌರವ ಬೇಕೆನ್ನುವವರು ವಲಸೆ ಬಂದವರ ಮಗಳಿಗೂ ಅದೇ ಗೌರವವನ್ನು ಸಲ್ಲಿಸತಕ್ಕದ್ದು.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಉದ್ದೇಶವನ್ನು ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು. ಪರದೇಶದಲ್ಲಿ ಗೆಲ್ಲುವುದೊಂದೇ ಗುರಿಯಾದರೆ ತಜ್ಞರೇ ಆರಿಸಲಿ, ಜನರನ್ನು ಕೇಳಿದಂತೆ ನಟಿಸುವುದು ಬೇಡ. ಜನರನ್ನು ಕೇಳಿದ ಮೇಲೆ ಅವರ ಮಾತಿಗೆ ಅದರ ಪೂರ್ಣ ತೂಕವು ಸಲ್ಲಲಿ. ಎರಡನೆಯದಾಗಿ, ಮತಗಳು ಪ್ರಮಾಣಕ್ಕೆ ತಕ್ಕಂತೆಯೇ ಅಂಕಗಳಾಗಲಿ. ಮೂರನೆಯದಾಗಿ, ಸ್ಪರ್ಧಿಗಳೊಡನೆ ಹಿಂದೆ ಕೆಲಸ ಮಾಡಿದವರು ತೀರ್ಪುಗಾರರ ಪೀಠದಲ್ಲಿ ಕೂರಕೂಡದು. ಬೆನಿಡೋರ್ಮಿನಲ್ಲಿ ಈ ವಿಷಯದಲ್ಲಿಯೂ ದೂರು ಹುಟ್ಟಿದ್ದಿತು. ಯುಕ್ರೇನಿನವರು 2023ರ ಆಯ್ಕೆಗೆ ತೀರ್ಪುಗಾರರನ್ನೇ ಜನರ ಮತದಿಂದ ಆರಿಸಿದರು. ಪರಿಶೀಲಿಸಲು ಯೋಗ್ಯವಾದ ಮಾರ್ಗವಿದು.

2025ರ ಡಿಸೆಂಬರಿನಲ್ಲಿ ಸ್ಪೇನಿನ ಸಂಸ್ಥೆಯು, ಇಸ್ರೇಲಿಗೆ ಪ್ರವೇಶವುಳಿದುದನ್ನು ಪ್ರತಿಭಟಿಸಿ, 2026ರ ವಿಯೆನ್ನಾ ಸ್ಪರ್ಧೆಗೆ ಹೋಗುವುದಿಲ್ಲವೆಂದು ತೀರ್ಮಾನಿಸಿತು. ಬೆನಿಡೋರ್ಮಿನ ಉತ್ಸವವನ್ನು ಮಾತ್ರ ಬಿಡಲಿಲ್ಲ. ಹೊರಗಿನ ಬಹುಮಾನದ ಆಸೆಯೇ ಇಲ್ಲದಾಗಲೂ ಆರಿಸುವ ಕಾರ್ಯಕ್ಕೆ ತನ್ನದೇ ಬೆಲೆಯುಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಒಂದು ದೇಶದಲ್ಲಿ ಹಲವು ನುಡಿಗಳಿರುವಾಗ, ಯಾವ ನುಡಿಯೂ ಬಾಗಿಲಾಚೆ ನಿಲ್ಲದಂತೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಆ ದೇಶದ ಮರ್ಯಾದೆ. ಹಲವು ನುಡಿಗಳ ದೇಶದಲ್ಲಿಯೇ ಬಾಳುವ ನಮ್ಮ ವಾಚಕರಿಗೆ, ಅದರಲ್ಲಿಯೂ ಆಯ್ಕೆಯ ಸಮಿತಿಗಳಲ್ಲಿ ಕೂರುವ ಅಧಿಕಾರಿಗಳಿಗೆ, ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ತಕ್ಕಡಿಯು ನೆಟ್ಟಗಿದ್ದರೆ ಸೋತವನೂ ತಲೆಯೆತ್ತಿ ಮನೆಗೆ ಹೋಗುತ್ತಾನೆ. ಅದು ವಾಲಿದ್ದರೆ ಗೆದ್ದವನಿಗೂ ನೆಮ್ಮದಿಯಿಲ್ಲ.