ಬ್ರೌಸರಿನ ತೊಂದರೆಗೆ ಮರುಸ್ಥಾಪನೆಯೊಂದೇ ಮದ್ದಲ್ಲ

ಪಹಣಿಯ ನಕಲು, ಬೆಳೆ ವಿಮೆಯ ನೋಂದಣಿ, ಸಹಾಯಧನದ ಅರ್ಜಿ ಮುಂತಾಗಿ ಬೇಸಾಯಗಾರನ ಅನೇಕ ವ್ಯವಹಾರಗಳು ಈಗ ಕಂಪ್ಯೂಟರಿನ ಮೂಲಕವೇ ನಡೆಯುತ್ತಿರುವುದು ಸರ್ವರಿಗೂ ತಿಳಿದ ಸಂಗತಿ. 2000ನೆಯ ಇಸವಿಯ ಸುಮಾರಿನಲ್ಲಿ ‘ಭೂಮಿ’ ಯೋಜನೆಯು ಆರಂಭವಾದಂದಿನಿಂದ ಈ ಮಾರ್ಪಾಟು ವರ್ಷೇ ವರ್ಷೇ ಹೆಚ್ಚುತ್ತ ಬಂದಿದೆ. ಈ ಕೆಲಸಗಳಿಗೆಲ್ಲ ಬಾಗಿಲಿನಂತಿರುವುದು ಬ್ರೌಸರೆಂಬ ತಂತ್ರಾಂಶ. ಅದು ನಡುವೆ ಸ್ತಬ್ಧವಾಗಿ ನಿಂತರೆ, ಅಥವಾ ಹೊಸದಾಗಿ ಹಾಕಹೋದಾಗ ಸರಿಯಾಗಿ ಕೂರದೆ ಹೋದರೆ, ವಿಮೆಯ ಕಡೆಯ ದಿನ ಸಾಲಿನಲ್ಲಿ ನಿಂತ ರೈತನು ಕಂತಿನ ಹಣವನ್ನು ಕೈಯಲ್ಲಿ ಹಿಡಿದುಕೊಂಡೇ ಊರಿಗೆ ಹಿಂತಿರುಗಬೇಕಾಗುತ್ತದೆ. ಆ ವರ್ಷ ಮಳೆ ಕೈಕೊಟ್ಟರೆ ಅವನಿಗೆ ವಿಮೆಯ ಪರಿಹಾರವನ್ನು ಕೇಳುವ ಹಕ್ಕೂ ಇರುವುದಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಅನುಸರಿಸುತ್ತಿರುವ ಉಪಾಯವು ಒಂದೇ: ಬ್ರೌಸರನ್ನು ತೆಗೆದುಹಾಕಿ ಮತ್ತೆ ಹಾಕುವುದು, ಅದೂ ಫಲಿಸದಿದ್ದರೆ ಇಡೀ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು. ಕಾರಣವನ್ನು ಪರೀಕ್ಷಿಸದೆ ಹೀಗೆ ಮಾಡುವುದು ಯುಕ್ತವಲ್ಲ. ಕ್ರೋಮ್ ಬ್ರೌಸರನ್ನು ತೆಗೆದುಹಾಕುವಾಗ, ಬಳಕೆಯ ಮಾಹಿತಿಯನ್ನೂ ಅಳಿಸಬೇಕೆಂದು ಪ್ರತ್ಯೇಕವಾಗಿ ಗುರುತು ಮಾಡದ ಹೊರತು, ಹಳೆಯ ಪ್ರೊಫೈಲು ಯಂತ್ರದಲ್ಲಿಯೇ ಉಳಿದಿರುತ್ತದೆ. ದೋಷಕ್ಕೆ ಮೂಲವಾದ ಎಕ್ಸ್‌ಟೆನ್ಷನ್ನುಗಳೂ ಕೆಟ್ಟ ಕಡತಗಳೂ ಅಲ್ಲಿಯೇ ಇರುವುದರಿಂದ ಹೊಸ ಬ್ರೌಸರು ಅವನ್ನೇ ಎತ್ತಿಕೊಂಡು ಎರಡು ದಿನಗಳಲ್ಲಿ ಪುನಃ ನಿಲ್ಲುತ್ತದೆ. ಕಾಡಿಗೆ ರೋಗ ತಗುಲಿದ ಜೋಳದ ಬೀಜವನ್ನು ಉಪಚರಿಸದೆ ಮರಳಿ ಬಿತ್ತಿದರೆ ಆಗುವುದೂ ಇದೇ ಅಲ್ಲವೆ? ಗುರುತು ಮಾಡಿ ಅಳಿಸಿದರಾದರೋ, ಬೇರೆಡೆ ಪ್ರತಿಯಿಲ್ಲದಿದ್ದರೆ, ಉಳಿಸಿಟ್ಟ ಪಾಸ್‌ವರ್ಡುಗಳೂ ಜೊತೆಯಲ್ಲಿ ಹೋಗುತ್ತವೆ.

ಮೊಟ್ಟಮೊದಲು ದೋಷವು ಬ್ರೌಸರಿನದೋ ಜಾಲತಾಣದ್ದೋ ಎಂಬುದನ್ನು ತಿಳಿಯತಕ್ಕದ್ದು. ಅದೇ ಬ್ರೌಸರಿನಲ್ಲಿ ಬೇರೊಂದು ತಾಣವನ್ನೂ, ಅದೇ ತಾಣವನ್ನು ಮೊಬೈಲ್ ಫೋನಿನಲ್ಲಿಯೂ ತೆರೆದು ನೋಡಿದರೆ ಎರಡು ನಿಮಿಷಗಳಲ್ಲಿ ಇದು ಗೊತ್ತಾಗುತ್ತದೆ. ತಾಣವೊಂದೇ ಎರಡೂ ಕಡೆ ತಡೆದರೆ ಬ್ರೌಸರನ್ನು ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ. ತೊಂದರೆಯು ಬ್ರೌಸರಿನದೇ ಎಂದು ಕಂಡುಬಂದಲ್ಲಿ ‘ಇನ್‌ಕಾಗ್ನಿಟೊ’ ಕಿಟಕಿಯಲ್ಲಿ ಪ್ರಯತ್ನಿಸಬೇಕು. ಅಲ್ಲಿ ಎಕ್ಸ್‌ಟೆನ್ಷನ್ನುಗಳು ಅಪ್ಪಣೆಯಿಲ್ಲದೆ ಕೆಲಸಮಾಡವು. ಹಳೆಯ ಕುಕಿಗಳೂ ಬಳಕೆಯಾಗವು. ಅಲ್ಲಿ ಸರಾಗವಾಗಿ ನಡೆದರೆ ಎಕ್ಸ್‌ಟೆನ್ಷನ್ನುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದು ಕೆಟ್ಟದ್ದನ್ನು ಹಿಡಿಯಬಹುದು. 4 ಜಿಬಿಯಷ್ಟೇ ಮೆಮೊರಿಯುಳ್ಳ ಹಳೆಯ ಯಂತ್ರದಲ್ಲಿ ಇಪ್ಪತ್ತು ಪುಟಗಳನ್ನು ತೆರೆದಿಟ್ಟರೆ ಅದು ನಿಲ್ಲುವುದು ಸಹಜ. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಪುಟವು ಎಷ್ಟು ಮೆಮೊರಿಯನ್ನು ನುಂಗುತ್ತಿದೆಯೆಂಬ ಪಟ್ಟಿ ಬರುತ್ತದೆ. ಆ ಒಂದನ್ನೇ ಮುಚ್ಚಬಹುದು.

ಬ್ರೌಸರು ಹಾಕಿಕೊಳ್ಳಲು ಬಾರದಿರುವುದಕ್ಕೆ ಕಾರಣಗಳು ಬೇರೆ. ವಿಂಡೋಸ್ 7 ಇರುವ ಯಂತ್ರಗಳು ಹಳ್ಳಿಗಳಲ್ಲಿ ಇನ್ನೂ ಕಾಣಸಿಗುತ್ತವೆ. ಅದಕ್ಕೆ ತಯಾರಕರ ಬೆಂಬಲವು 2020ರ ಜನವರಿಯಲ್ಲಿಯೇ ಮುಗಿಯಿತು. 2023ರಲ್ಲಿ ಬಂದ ಕ್ರೋಮಿನ 110ನೆಯ ಆವೃತ್ತಿಯಿಂದೀಚೆಗೆ ಯಾವ ಆವೃತ್ತಿಯೂ ಅದರ ಮೇಲೆ ಕೂರುವುದಿಲ್ಲ. ಇದನ್ನರಿಯದೆ ಅದೇ ಕಡತವನ್ನು ಹತ್ತು ಸಲ ಇಳಿಸಿಕೊಂಡು ಹೊತ್ತು ಕಳೆಯುವವರೇ ಹೆಚ್ಚು. ಯಂತ್ರವು ತಾಳುವಂತಿದ್ದರೆ ವಿಂಡೋಸನ್ನು ಮೇಲ್ದರ್ಜೆಗೇರಿಸಬೇಕು. ತಾಳದಿದ್ದರೆ ಲಿನಕ್ಸನ್ನು ಹಾಕಿಸಬಹುದು. ಆದರೆ ಬೆರಳಚ್ಚಿನ ಸಾಧನವು ಅದಕ್ಕೆ ಹೊಂದುವುದೇ ಎಂಬುದನ್ನು ಮುಂಚೆಯೇ ವಿಚಾರಿಸತಕ್ಕದ್ದು.

ಇನ್ನೊಂದು ಕಾರಣವು ಅಲ್ಪವಾಗಿ ತೋರಿದರೂ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಕಂಪ್ಯೂಟರಿನ ಒಳಗಿನ ಮುಖ್ಯ ಫಲಕದ ಮೇಲೆ ನಾಣ್ಯದ ಆಕಾರದ ಒಂದು ಬ್ಯಾಟರಿಯಿರುತ್ತದೆ. ವಿದ್ಯುತ್ತು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸವೆದುಹೋಗಿದ್ದರೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರದ ದಿನಾಂಕವು ಹಲವು ವರ್ಷಗಳಷ್ಟು ಹಿಂದಕ್ಕೆ ಜಾರುತ್ತದೆ. ಸುರಕ್ಷಿತ ಜಾಲತಾಣಗಳು ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ; ಅದಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಗೊತ್ತಾಗಿರುತ್ತವೆ. ಹಿಂದಿನ ತಾರೀಖಿನಲ್ಲಿರುವ ಯಂತ್ರಕ್ಕೆ ಆ ಪತ್ರವು ಇನ್ನೂ ಜಾರಿಗೆ ಬಾರದಂತೆ ಕಾಣುವುದರಿಂದ ಬ್ರೌಸರು ತಾಣವನ್ನು ತೆರೆಯಲೊಪ್ಪದು. ಹೊಸ ಬ್ರೌಸರನ್ನು ತರುವ ಕಡತವೂ ಇದೇ ಕಾರಣದಿಂದ ಅರ್ಧದಲ್ಲಿ ನಿಲ್ಲುವುದುಂಟು. ಪರದೆಯ ಮೂಲೆಯಲ್ಲಿರುವ ತಾರೀಖನ್ನು ಒಮ್ಮೆ ನೋಡಿ ತಿದ್ದಿದರೆ ಆ ದಿನದ ಕೆಲಸ ಸಾಗುತ್ತದೆ. ಬ್ಯಾಟರಿಯ ಬೆಲೆಯೂ ಅತ್ಯಲ್ಪ.

ತಯಾರಕರ ತಾಣದಲ್ಲಿ ಸಾಮಾನ್ಯವಾಗಿ ದೊರೆಯುವುದು ಚಿಕ್ಕ ಕಡತ. ಉಳಿದ ಭಾಗವನ್ನು ಅದು ಜಾಲದಿಂದ ಎಳೆದುಕೊಳ್ಳಬೇಕು. ಸಂಪರ್ಕವು ದುರ್ಬಲವಾಗಿರುವ ಊರುಗಳವರು ಪೂರ್ಣ ಕಡತವನ್ನು ಪಟ್ಟಣದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುವುದು ಲೇಸು. ಹುಡುಕಾಟದ ಪುಟದ ತುದಿಯಲ್ಲಿ ಬರುವ ಜಾಹೀರಾತುಗಳಿಂದ ಬ್ರೌಸರನ್ನು ಎಂದಿಗೂ ಇಳಿಸಿಕೊಳ್ಳಬಾರದು. ಸರಿಪಡಿಸಿಕೊಡುವೆವೆಂದು ಫೋನಿನಲ್ಲಿ ಕರೆದು, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಹಾಕಿಸುವ ಅಪರಿಚಿತರ ಮಾತಿಗೆ ಕಿವಿಗೊಡುವುದು ಬ್ಯಾಂಕಿನ ಖಾತೆಗೇ ಅಪಾಯಕರ.

ಇವೆಲ್ಲ ಕುಶಲಕರ್ಮಿಯ ಕೆಲಸವೆಂದೂ, ಊರಿನವರು ಕೈಹಾಕತಕ್ಕದ್ದಲ್ಲವೆಂದೂ ಕೆಲವರ ಅಭಿಪ್ರಾಯ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಯಂತ್ರವನ್ನು ಬಿಚ್ಚುವ ಕೆಲಸಕ್ಕೆ ಬಲ್ಲವರೇ ಬೇಕು. ಆದರೆ ತಾಲ್ಲೂಕಿನಿಂದ ಅವರು ಬರುವುದಕ್ಕೆ ಎರಡು ದಿನವಾದರೆ ವಿಮೆಯ ಗಡುವು ಅವರಿಗಾಗಿ ಕಾಯುವುದಿಲ್ಲ. ಆದಕಾರಣ ಪಂಚಾಯಿತಿ ಮತ್ತು ಸಹಕಾರ ಸಂಘಗಳ ಮುಖ್ಯಸ್ಥರು ಓದುಬರಹ ಬಲ್ಲ ಒಬ್ಬ ಯುವಕನನ್ನೋ ಯುವತಿಯನ್ನೋ ಗೊತ್ತುಮಾಡಿ, ಗಡುವಿಗೆ ಒಂದು ತಿಂಗಳು ಮುಂಚಿತವಾಗಿಯೇ ಯಂತ್ರವನ್ನು ಪರೀಕ್ಷಿಸುವಂತೆ ಏರ್ಪಡಿಸಬೇಕು. ಯಂತ್ರದ ಪಕ್ಕದಲ್ಲಿ ಒಂದು ಪುಸ್ತಕವನ್ನಿರಿಸಿ, ಯಾವ ದಿನ ಯಾವ ತಾಣದಲ್ಲಿ ಯಾವ ಸಂದೇಶ ಕಂಡಿತೆಂಬುದನ್ನು ಅಕ್ಷರಶಃ ಬರೆಯಿಸಿಟ್ಟರೆ, ಕಡೆಗೆ ಕುಶಲಕರ್ಮಿಯೇ ಬರಬೇಕಾದಲ್ಲಿಯೂ ಅವನ ಕೆಲಸ ಅರ್ಧ ಮುಗಿದಂತಿರುತ್ತದೆ.